ಧಾಟಿ ಇಲ್ಲದ ಹಾಡು

ಜನವರಿ 16, 2025, ಗುರುವಾರ

ಚೆನ್ನಮ್ಮನನ್ನು ಇವತ್ತು ಹನ್ನೊಂದು ಗಂಟೆಗೆ ಮಣ್ಣು ಮಾಡಿದೆವು. ಮೂವತ್ತೆರಡು ವರ್ಷ ಜೊತೆಗೆ ಬಾಳಿದ ಹೆಂಡತಿ. ಇವತ್ತು ಬರೆಯುವುದು ಬೇಡ ಎಂದುಕೊಂಡಿದ್ದೆ. ಆದರೆ ಸ್ಮಶಾನದಲ್ಲಾದ ಅವಮಾನವನ್ನು ಎಲ್ಲಾದರೂ ಇಳಿಸದಿದ್ದರೆ ತಲೆ ಸಿಡಿದು ಹೋಗುತ್ತದೆ.

ರೈಲ್ವೆಗೆ, ಬಂದರಿಗೆ, ಹಡಗುಕಟ್ಟೆಗೆ ಎಂದು ನೌಕರಿ ಹಿಡಿದು ಬಂದು ಈ ಕೋಲ್ಕತ್ತಾದಲ್ಲೇ ಉಳಿದ ನಲವತ್ತು ಜನ ಕ್ರೈಸ್ತರ ಸಭೆ ನಮ್ಮದು. ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಾರ್ಥನೆ. ಯಾರು ತೀರಿಕೊಂಡರೂ ಸಮಾಧಿಯ ಹತ್ತಿರ ಒಂದು ಹೊಸ ಹಾಡು, ಅದನ್ನು ಬರೆಯುವವನು ನಾನು. ಭೂಗೋಳದ ಮಾಸ್ತರನಾದರೂ ಸಭೆಗೆ ನಾನೇ ಕವಿ. ಬೇರೆಯವರಿಗೆ ಹದಿನೇಳು ಬರೆದಿದ್ದೇನೆ. ಹೆಂಡತಿಗೆ ಬರೆಯದೆ ಇರುತ್ತೇನೆಯೇ? ಮಂಗಳವಾರ ಅವಳು ಹೋದಳು, ಬುಧವಾರ ಕೂತು ನಾಲ್ಕು ನುಡಿ ಬರೆದೆ, ಐವತ್ತು ಪ್ರತಿ ಝೆರಾಕ್ಸ್ ಮಾಡಿಸಿದೆ.

ಪಾದ್ರಿ ಅಯ್ಯನವರು ಪ್ರಾರ್ಥನೆ ಮುಗಿಸಿ "ಹಾಡೋಣ" ಎಂದರು. ಎಲ್ಲರ ಕೈಯಲ್ಲೂ ಹಾಳೆ. ಯಾರೂ ಹಾಡಲಿಲ್ಲ. ಸಭೆಯ ಹಿರಿಯರು, ರೈಲ್ವೆಯಿಂದ ನಿವೃತ್ತರಾದ ಹಿರಿಯಣ್ಣ, ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು: "ಮಾಸ್ತರ, ಧಾಟಿ ಯಾವುದ್ರೀ?"

ನಮ್ಮಲ್ಲಿ ಪ್ರತಿ ಹಾಡಿನ ತಲೆಯ ಮೇಲೆ 'ಧಾಟಿ' ಎಂದು ಒಂದು ಸಾಲು ಇರುತ್ತದೆ. ಯಾವ ಹಳೆಯ ಹಾಡಿನಂತೆ ಹಾಡಬೇಕು ಎಂದು ಅಲ್ಲಿ ಬರೆಯುವುದು ಪದ್ಧತಿ. ನನ್ನ ಹಾಡುಗಳಿಗೆ ಮಾತ್ರ 'ಧಾಟಿ: ಸ್ವಂತ'. ನಾನು ಬರೆದುಕೊಟ್ಟರೆ ಚೆನ್ನಮ್ಮ ಹಾರ್ಮೋನಿಯಂ ಮುಂದೆ ಕೂತು ನಾಲ್ಕು ಜನ ಹೆಣ್ಣುಮಕ್ಕಳಿಗೆ ಹೇಳಿಕೊಡುತ್ತಿದ್ದಳು, ಭಾನುವಾರ ಎಲ್ಲರೂ ಹಾಡುತ್ತಿದ್ದರು. ಧಾಟಿ ಎಲ್ಲಿಂದ ಬರುತ್ತದೆ ಎಂದು ನಾನು ಯೋಚಿಸಿದವನಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದಲ್ಲ, ಹಾಗೆ ಬರುತ್ತಿತ್ತು. ನನಗೋ ಸ ಯಾವುದು ಪ ಯಾವುದು ತಿಳಿಯದು. ಈ ಸಲವೂ ಅಭ್ಯಾಸಬಲದಿಂದ 'ಧಾಟಿ: ಸ್ವಂತ' ಎಂದು ಬರೆದು ಅಚ್ಚು ಹಾಕಿಸಿದ್ದೆ. ಧಾಟಿ ಹೇಳುವವಳು ಪೆಟ್ಟಿಗೆಯಲ್ಲಿ ಮಲಗಿದ್ದಳು.

ನಲವತ್ತು ಜನ ಹಾಳೆ ಹಿಡಿದು ನಿಂತೇ ನಿಂತರು. ಆಮೇಲೆ ಯಾರೋ ಪುಣ್ಯಾತ್ಮರು ಹಳೆಯದೊಂದು ಹಾಡು ಎತ್ತಿಕೊಂಡರು.

ಗೇಟಿನ ಹತ್ತಿರ, ಅಶೋಕ ಮರದ ಕೆಳಗೆ, ನಮ್ಮ ಮಗಳು ಅಪೂರ್ವಾ, ಎಲ್ಲರ ಅಪ್ಪೂ, ನಿಂತಿದ್ದಳು. ತಾಯಿಯ ಕಂಠವೆಲ್ಲ ಅವಳಿಗೆ ಬಂದಿದೆ. ಧಾಟಿ ಅವಳಿಗೆ ಹೊಳೆಯಲೇಬೇಕು. ತಾಯಿಯ ಸಮಾಧಿಯ ಮುಂದೆಯೂ ಬಾಯಿ ಬಿಡಲಿಲ್ಲ ಹುಡುಗಿ. ಇದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಜನವರಿ 18, ಶನಿವಾರ

ಹಾಲಿನವನಿಗೆ ನಾಳೆಯಿಂದ ಎರಡು ಪೊಟ್ಟಣ ಬೇಡ, ಒಂದು ಸಾಕು ಎಂದೆ. "ಕ್ಯಾನೋ ದಾದಾ?" ಎಂದು ಯಾಕೆ ಅಂತ ಕೇಳಿದ. ಹೇಳಲಾಗಲಿಲ್ಲ. ಎರಡೇ ಇರಲಿ ಎಂದುಬಿಟ್ಟೆ.

ಜನವರಿ 21, ಮಂಗಳವಾರ

ಶಾಲೆಗೆ ಹೋದೆ. ಏಳನೇ ತರಗತಿಗೆ ನದಿಗಳ ಪಾಠ. ಹೂಗ್ಲಿ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರೆ ಒಬ್ಬಳು ಇಲ್ಲೇ ಹಡಗುಕಟ್ಟೆಯ ಪಕ್ಕದ ಗಾರ್ಡನ್ ರೀಚ್‌ನಲ್ಲಿ ಎಂದಳು. ಬೇರೆ ದಿನವಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇವತ್ತು ಹೌದು ಎಂದು ಮುಂದೆ ಹೋದೆ.

ಮನೆಗೆ ಬಂದು ಹಾರ್ಮೋನಿಯಂ ತೆಗೆದೆ. ಎಷ್ಟೆಂದರೂ ಮಾತ್ರೆ ಎಣಿಸಬಲ್ಲವನು ನಾನು. ಒಂದು ಧಾಟಿ ಕಟ್ಟುವುದು ಬ್ರಹ್ಮವಿದ್ಯೆಯೇನಲ್ಲ ಎಂದುಕೊಂಡು ಒಂದು ತಾಸು ಒದ್ದಾಡಿದೆ. ಕೆಳಗಿನ ಮನೆಯ ಬಂಗಾಳಿ ಅತ್ತಿಗೆ, ನಾವೆಲ್ಲ ಬೌದಿ ಎನ್ನುವವರು, ಮೆಟ್ಟಿಲು ಹತ್ತಿ ಬಂದು, "ದಾದಾ, ಹಾರ್ಮೋನಿಯಂ ರಿಪೇರಿ ನಡೀತಿದೆಯಾ?" ಎಂದು ಹಿಂದಿಯಲ್ಲಿ ಕೇಳಿದರು. ಪಾಪ, ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು. ಹೌದು ಎಂದೆ. ಒಂದು ಬಟ್ಟಲು ಪಾಯೇಶ್, ಇವರ ಅಕ್ಕಿ ಪಾಯಸ, ಇಟ್ಟು ಹೋದರು. ಹೊಸ ಖರ್ಜೂರದ ಬೆಲ್ಲದ್ದು. ಚೆನ್ನಮ್ಮನಿಗೆ ಪ್ರಾಣ. ಅರ್ಧ ತಿಂದು ಅರ್ಧ ಅವಳಿಗೆಂದು ಮುಚ್ಚಿಟ್ಟೆ. ಮುಚ್ಚಿಟ್ಟ ಮೇಲೆ ನೆನಪಾಯಿತು.

ಜನವರಿ 26, ಭಾನುವಾರ

ಸಭೆಯ ದಿನ. ಮಾರ್ಚ್ ಎರಡಕ್ಕೆ ಸಮಾಧಿಯ ಮೇಲೆ ಕಲ್ಲು ಕೂರಿಸಿ ಸ್ಮರಣೆಯ ಪ್ರಾರ್ಥನೆ ಮಾಡುವುದೆಂದು ತೀರ್ಮಾನವಾಯಿತು. ಅವತ್ತು ನನ್ನ ಹಾಡನ್ನು ಹಾಡಲೇಬೇಕು ಎಂದೆ. ಅದನ್ನು ಹಾಡದೆ ನನ್ನ ಹೆಂಡತಿಯನ್ನು ಮಣ್ಣು ಮಾಡಿದ್ದು ಪೂರ್ತಿಯಾಗುವುದಿಲ್ಲ.

"ಯಾವುದಾರ ಹಳೇ ಧಾಟಿಗೆ ಕೂಡಸ್ರಲಾ," ಎಂದರು ಹಿರಿಯಣ್ಣ. ನಾಲ್ಕೈದು ಧಾಟಿ ಹಾಡಿಯೂ ನೋಡಿದರು. ಒಂದಕ್ಕೆ ಸಾಲು ಉದ್ದವಾಯಿತು, ಇನ್ನೊಂದಕ್ಕೆ ಗಿಡ್ಡ. ಕೊನೆಗೆ ಕನ್ನಡಕ ತೆಗೆದು ಒರೆಸುತ್ತಾ, "ಮಾಸ್ತರ, ಸಿಟ್ಟ ಆಗಬ್ಯಾಡ್ರಿ. ಅಪ್ಪೂನ್ನ ಕೇಳ್ರಿ," ಎಂದರು.

"ಆ ಹೆಸರು ನನ್ನ ಮುಂದ ಎತ್ತಬ್ಯಾಡ್ರಿ," ಎಂದೆ. ಸಭೆ ಎನ್ನುವುದನ್ನೂ ಮರೆತು ಕೂಗಿದೆ.

ಹಿರಿಯಣ್ಣನಿಗೆ ಮರೆತೇಹೋಗಿದೆ. ನಾಲ್ಕು ವರ್ಷದ ಹಿಂದೆ ಬಂದು ಚಾಡಿ ಹೇಳಿದವರೇ ಇವರು. ಬೀಗರನ್ನು ಪಾರ್ಕ್ ಸ್ಟ್ರೀಟಿಗೆ ಊಟಕ್ಕೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ವೇದಿಕೆಯ ಮೇಲೆ ಅಪೂರ್ವಾ, ನನ್ನ ಇಪ್ಪತ್ತೊಂದನೇ ಹಾಡಿನ ಧಾಟಿಗೆ ಬಂಗಾಳಿ ಪ್ರೇಮಗೀತೆ ಕೂರಿಸಿ ಹಾಡುತ್ತಿದ್ದಳಂತೆ. ಹೋಟೆಲಿನಲ್ಲಿ ಹಾಡುತ್ತಾಳೆ ಎನ್ನುವುದನ್ನು ಹೇಗೋ ನುಂಗಿಕೊಂಡಿದ್ದೆ. ಇದನ್ನು ನುಂಗಲಾಗಲಿಲ್ಲ. ದೇವರಿಗೆ ಬರೆದದ್ದನ್ನು ಬಿರಿಯಾನಿ ತಟ್ಟೆಗಳ ನಡುವೆ ಹರಾಜಿಗಿಟ್ಟವಳು ಈ ಮನೆಯಲ್ಲಿ ಇರಬೇಕಾಗಿಲ್ಲ ಎಂದೆ. ಅವಳು ಬ್ಯಾಗು ತುಂಬಿಕೊಂಡು ಬಾಲಿಗಂಜ್‌ಗೆ ಗೆಳತಿಯ ಮನೆಗೆ ಹೋದಳು. ಚೆನ್ನಮ್ಮ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು. ಅವಳಿಗೂ ನನ್ನಷ್ಟೇ ನೋವಾಗಿದೆ ಎಂದುಕೊಂಡೆ.

ಫೆಬ್ರವರಿ 3, ಸೋಮವಾರ

ಸರಸ್ವತಿ ಪೂಜೆ, ರಜೆ. ರಸ್ತೆ ತುಂಬ ಹಳದಿ ಸೀರೆ ಉಟ್ಟ ಹುಡುಗಿಯರು.

ಚೆನ್ನಮ್ಮನ ಕಪಾಟು ತೆರೆದೆ. ಬಂದರಿನ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿದ್ದವಳು. ಅವಳ ನೌಕರಿಗಾಗಿಯೇ ನಾವು ಧಾರವಾಡ ಬಿಟ್ಟು ಬಂದದ್ದು. ಬಿಳಿ ಸೀರೆಗಳನ್ನು ಇನ್ನೂ ಇಟ್ಟಿದ್ದಾಳೆ. ಹೊಲಿಗೆ ಕ್ಲಾಸಿನ ಚೀಲ ಸಿಕ್ಕಿತು. ನಿವೃತ್ತಳಾದ ಮೇಲೆ ತಿಂಗಳ ಎರಡನೇ ಶನಿವಾರ ಬಾಲಿಗಂಜ್‌ಗೆ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಒಳಗೆ ಸೂಜಿಯಿಲ್ಲ, ದಾರವಿಲ್ಲ. ಮಡಿಸಿಟ್ಟ ಕಾಗದದ ಕರವಸ್ತ್ರಗಳು, ಒಂದು ಕಟ್ಟು. ಎಲ್ಲದರ ಮೂಲೆಯಲ್ಲೂ ಅದೇ ಪಾರ್ಕ್ ಸ್ಟ್ರೀಟ್ ಹೋಟೆಲಿನ ಹೆಸರು.

ಎಣಿಸಲಿಲ್ಲ. ಬಹಳ ಇದ್ದವು.

ಫೆಬ್ರವರಿ 8, ಶನಿವಾರ

ಎರಡನೇ ಶನಿವಾರ. ಹೋದೆ. ಹಾಡಿನ ಹಾಳೆ ಜೇಬಿನಲ್ಲಿತ್ತು.

ಮಧ್ಯಾಹ್ನದ ಊಟದ ಹೊತ್ತು. ಮೂಲೆಯಲ್ಲಿ ಸಣ್ಣ ವೇದಿಕೆ, ಅದರ ಮೇಲೆ ಅಪೂರ್ವಾ. ತೆಳ್ಳಗಾಗಿದ್ದಾಳೆ. ನನ್ನನ್ನು ನೋಡಿ ಒಂದು ಕ್ಷಣ ಮೈಕ್ ಹಿಡಿದ ಕೈ ನಿಂತಿತು, ಹಾಡು ನಿಲ್ಲಲಿಲ್ಲ. ಹಾಡು ಮುಗಿಸಿ ಬೇರರ್‌ಗೆ ಏನೋ ಸನ್ನೆ ಮಾಡಿದಳು. ಆ ಮುದುಕ ನನ್ನನ್ನು ಗೋಡೆಬದಿಯ ಮೇಜಿಗೆ ಕರೆದುಕೊಂಡು ಹೋಗಿ ಕೂರಿಸಿದ, ಕೇಳದೆಯೇ ಕ್ಯಾರಮೆಲ್ ಕಸ್ಟರ್ಡ್ ತಂದಿಟ್ಟ. ಒಂದು ತಟ್ಟೆ, ಎರಡು ಚಮಚ. "ಮಾಸಿಮಾ ಯಾವಾಗಲೂ ಇದನ್ನೇ ತರಿಸುತ್ತಿದ್ದರು, ಇದೇ ಮೇಜು," ಎಂದ. ಮಾಸಿಮಾ ಎಂದರೆ ನನ್ನ ಹೆಂಡತಿ.

ಅಪೂರ್ವಾ ಬಂದು ಎದುರಿಗೆ ಕೂತಳು. "ಯಾಕ ಬಂದ್ರಿ ಅಪ್ಪಾ?"

"ನಿಮ್ಮವ್ವ ಇಲ್ಲಿಗೆ ಬರ್ತಿದ್ಲೇನ?"

"ಎವ್ರಿ ಸೆಕೆಂಡ್ ಸ್ಯಾಟರ್ಡೇ. ನಾಕು ವರ್ಷ."

"ಹೊಲಿಗಿ ಕ್ಲಾಸ್ ಅಂತಿದ್ಲು."

ಅವಳಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. "ಅಮ್ಮಗ ಗುಂಡಿ ಹಚ್ಚಾಕೂ ಬರ್ತಿದ್ದಿಲ್ಲ ಅಪ್ಪಾ. ನಿಮ್ಮ ಅಂಗಿ ಗುಂಡಿ ಎಲ್ಲಾ ಕೆಳಗಿನ ಬೌದಿ ಹಚ್ಚಿಕೊಡ್ತಿದ್ರು."

ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಬೇಡಿಕೊಳ್ಳುವುದು ನನಗೆ ಬಾರದು. "ಇದರ ಧಾಟಿ ಹೇಳು. ಅವತ್ತ ಗೇಟಿನ ಹತ್ರ ಬಾಯಿ ಮುಚ್ಚಿಕೊಂಡು ನಿಂತಿದ್ದಿ. ಕಲ್ಲು ಇಡೋ ದಿನಾನಾದ್ರೂ ಹಾಡು," ಎಂದೆ.

ಕನ್ನಡ ಓದುವುದು ಅವಳಿಗೆ ಕಷ್ಟ. "ನೀವ ಓದ್ರಿ," ಎಂದಳು. ಓದಿದೆ.

ದಡವ ಮುಟ್ಟಿದ ದೋಣಿಗೆ ಹುಟ್ಟಿನ ಹಂಗಿಲ್ಲ,
ಮಡಿಲ ಸೇರಿದವಳಿಗೆ ಮಣ್ಣಿನ ಹಂಗಿಲ್ಲ.

ನಾಲ್ಕೂ ನುಡಿ ಕೇಳಿದಳು. "ಚೊಲೋ ಅದ. ಬಟ್ ಅಮ್ಮ ಎಲ್ಲಿ ಅದಾಳ ಇದರಾಗ? ಇದು ಯಾರು ಸತ್ರೂ ಆಗ್ತದ."

ನನಗೆ ಉರಿದುಹೋಯಿತು. "ನಿನ್ನ ಅಭಿಪ್ರಾಯ ಕೇಳಲಿಲ್ಲ. ಧಾಟಿ ಕೇಳಿದೆ."

"ಇಲ್ಲದ್ದು ಎಲ್ಲಿಂದ ತರ್ಲಿ?" ಅವಳ ದನಿಯೂ ಏರಿತು. "ಅಮ್ಮ ನಿಮ್ಮ ಹಾಡಿಗೆ ಧಾಟಿ ಹಾಕೇ ಇಲ್ಲ ಅಪ್ಪಾ. ಧಾಟಿ ಫಸ್ಟ್ ಬರ್ತಿತ್ತು. ಆಕಿ ಕಿಚನ್‌ನಾಗ ಗುನುಗ್ತಿದ್ಲು, ಎರಡು ದಿನಾ, ಮೂರು ದಿನಾ, ಅದನ್ನ. ನೀವು ಹೊರಗ ಟೇಬಲ್ ಮುಂದ ಕೂತು ಬೆರಳು ಬಡೀತಿದ್ರಿ. ಆಮ್ಯಾಲೆ 'ಬಂತು!' ಅಂತ ಬರಿಯಾಕ ಸುರು ಮಾಡ್ತಿದ್ರಿ. ನಾ ಸಣ್ಣಾಕಿ ಇದ್ದಾಗಿಂದ ನೋಡೀನಿ. ನಿಮಗ ಗೊತ್ತದ ಅಂತ ತಿಳಕೊಂಡಿದ್ದೆ. ಈ ಹಾಡು ಬರಿಯುವಾಗ ಕಿಚನ್‌ನಾಗ ಯಾರೂ ಇದ್ದಿಲ್ಲ. ಅದಕ್ಕ ಇದಕ್ಕ ಧಾಟಿ ಇಲ್ಲ."

ನಾನು ಕೇಳಿದೆ: "ಇಪ್ಪತ್ತೊಂದನೇದು?"

"ಅದೂ ಆಕೀದ. ಆಕಿನ ನನಗ ಕೊಟ್ಟದ್ದು."

"ಹಂಗಾದ್ರ ಅವತ್ತ ಯಾಕ ಹೇಳಲಿಲ್ಲ? ಇಬ್ಬರಿಗೂ ಬಾಯಿ ಇರಲಿಲ್ಲೇನ?"

ಚಮಚ ತೆಗೆದುಕೊಂಡಳು, ಹಾಗೆಯೇ ಕೆಳಗಿಟ್ಟಳು. "ಆಕಿ ಬ್ಯಾಡ ಅಂದ್ಲು. ಅವರಿಗೆ ತಿಳಿದ್ರ ಬರಿಯೂದ ಬಿಡ್ತಾರ, ಬರಿಯೂದ ಬಿಟ್ರ ಅವರು ಉಳಿಯೂದಿಲ್ಲ ಅಂದ್ಲು. ನಿಮ್ಮನ್ನ ಉಳಸಾಕ ಹೋಗಿ ನನಗ ನಾಕು ವರ್ಷ ಮನಿ ಇಲ್ಲದಂಗಾತು."

ಮುಂದಿನ ಹಾಡಿಗೆ ಕರೆ ಬಂತು. ಎದ್ದು ಹೋದಳು. ನಾನು ಹಾಳೆ ಮಡಚಿಕೊಂಡು ಬಂದೆ.

ಫೆಬ್ರವರಿ 9, ಭಾನುವಾರ

ಸುಳ್ಳು.

ಫೆಬ್ರವರಿ 12, ಬುಧವಾರ

ಮಾಸ್ತರನಾದವನು ಬಾಯಿಮಾತು ನಂಬಬಾರದು. ಹಳೆಯ ನೋಟುಬುಕ್ಕುಗಳನ್ನೆಲ್ಲ ಕೆಳಗಿಳಿಸಿದೆ. ಪ್ರತಿ ಹಾಡಿನ ಕೆಳಗೂ ತಾರೀಖು ಹಾಕುವುದು ನನ್ನ ರೂಢಿ.

2003ರ ಬೇಸಿಗೆ, ಚೆನ್ನಮ್ಮ ತಾಯಿಯ ಆರೈಕೆಗೆಂದು ನಾಲ್ಕು ತಿಂಗಳು ಧಾರವಾಡದಲ್ಲಿದ್ದಳು. ಆ ನಾಲ್ಕು ತಿಂಗಳಲ್ಲಿ ಒಂದೇ ಒಂದು ಹಾಡು ಇಲ್ಲ. ಸೆಖೆ ಎಂದುಕೊಂಡಿದ್ದೆ. 2011ರಲ್ಲಿ ಅವಳ ಗಂಟಲಿನ ಆಪರೇಷನ್, ಏಳು ವಾರ ದನಿ ತೆಗೆಯಬಾರದೆಂದು ಡಾಕ್ಟರು ಹೇಳಿದ್ದರು. ಏಳು ವಾರ ಖಾಲಿ. ಪರೀಕ್ಷೆಯ ಪೇಪರು ತಿದ್ದುವ ಕೆಲಸ ಹೆಚ್ಚಾಗಿತ್ತೆಂದು ಅಂಚಿನಲ್ಲಿ ಬರೆದುಕೊಂಡಿದ್ದೇನೆ. ಅವಳ ಮಧ್ಯಾಹ್ನದ ಪಾಳಿಯ ವಾರಗಳಲ್ಲಿ ಇಲ್ಲ, ಬೆಳಗಿನ ಪಾಳಿಯ ವಾರಗಳಲ್ಲಿ ಇವೆ. ಸಂಜೆ ಅಡುಗೆಮನೆಯಲ್ಲಿ ಅವಳು ಇದ್ದಾಗ ಮಾತ್ರ ಇವೆ.

ಪ್ರಾರ್ಥನೆಯವು, ಸಮಾಧಿಯವು ಸೇರಿ ನಲವತ್ತಮೂರು ಹಾಡು. ಅವನ್ನೆಲ್ಲ ಸೇರಿಸಿ ಅಚ್ಚಾದ ಪುಸ್ತಕದ ಮುಖಪುಟದಲ್ಲಿ ನನ್ನೊಬ್ಬನ ಹೆಸರು. ಬಿಡುಗಡೆಯ ದಿನ ಅವಳು ಎಲ್ಲರಿಗೂ ಚಹಾ ಹಂಚಿದಳು.

ಅಯ್ಯೋ ದೇವರೇ, ನಾನೆಂಥ ಕಿವುಡ.

ಫೆಬ್ರವರಿ 16, ಭಾನುವಾರ

ಬೆಳಿಗ್ಗೆ ಅಪೂರ್ವಾಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ, ಚೀಟಿ ಕೈಯಲ್ಲೇ ಉಳಿಯಿತು. "ಮನೀಗೆ ಬಾ," ಎಂದಷ್ಟೇ ಅಂದೆ. ಅವಳು "ಲಂಚ್ ಆದ ಮ್ಯಾಲೆ ಬರ್ತೀನಿ," ಎಂದಳು.

ಬಂದವಳು ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದು ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಸ್ವಂತ ಮನೆಯಲ್ಲವೇ ಎಂದುಕೊಂಡೆ. ಆಮೇಲೆ ಹೇಳಿದೆ.

ಅವಳ ಫೋನಿನಲ್ಲಿ ತಾಯಿ ಕಳಿಸಿದ ಕೊನೆಯ ಧ್ವನಿಸಂದೇಶ ಇದೆಯಂತೆ. ಜನವರಿ ಹನ್ನೊಂದರದು, ಆಸ್ಪತ್ರೆಯ ಹಾಸಿಗೆಯಿಂದ. "ಕೇಳ್ತೀರಾ? ಕೇಳಿದ್ರ ನಿಮಗ ತ್ರಾಸ ಆಗ್ತದ. ಅದಕ್ಕ ಅವತ್ತ ಹೋಟೆಲ್‌ನಾಗ ಹೇಳಲಿಲ್ಲ." ಹಾಕು ಎಂದೆ.

ಮೊದಲು ಉಸಿರು. ಆಮೇಲೆ ಚೆನ್ನಮ್ಮನ ದನಿ, ಬಹಳ ಸಣ್ಣದು: "ಅಪ್ಪೂ, ಇದು ಹೊಸಾದು. ನಿಮ್ಮಪ್ಪಗ ಅಂತ ಮಾಡೀನಿ. ನಾ ಹೋದ ಮ್ಯಾಲೆ ಬರೀಲಿ." ಆಮೇಲೆ ಗುನುಗು. ಎರಡು ಸಾಲು, ಮೂರನೆಯದು ಏರುತ್ತಿತ್ತು. ಅಷ್ಟರಲ್ಲಿ ಬಾಗಿಲ ಸದ್ದು, ಚಪ್ಪಲಿ ಸದ್ದು. ಗಂಡಸಿನ ದನಿ: "ಸುಮ್ನ ಮಲಕೋ ಚೆನ್ನೀ, ದಣೀತಿ."

ಗುನುಗು ನಿಂತಿತು. ಸಂದೇಶವೂ ಅಲ್ಲಿಗೇ ಮುಗಿಯಿತು.

ಆ ಗಂಡಸು ನಾನು. ಅವತ್ತು ಕಿತ್ತಳೆ ಹಣ್ಣು ತೆಗೆದುಕೊಂಡು ಹೋಗಿದ್ದೆ. ಪ್ರೀತಿಯಿಂದಲೇ ಅಂದಿದ್ದೆ, ನಿಜವಾಗಿಯೂ ಪ್ರೀತಿಯಿಂದಲೇ. ಮಗಳ ಮುಂದೆ ಎಂದೂ ಅತ್ತವನಲ್ಲ, ಇವತ್ತು ಅತ್ತೆ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಳು.

ಫೆಬ್ರವರಿ 23, ಭಾನುವಾರ

ಈ ವಾರ ಮೂರು ಸಲ ಬಂದಳು. ಬಂದಾಗಲೆಲ್ಲ ಆ ಸಂದೇಶ ಹಾಕಿಸಿಕೊಂಡೆ, ಮಾತು ಕೂರಿಸಲು ನೋಡಿದೆ. ಹನ್ನೆರಡು ಹಾಳೆ ಹರಿದೆ. ಒಂದೊಂದೂ ಅವಳ ಮೇಲೆ ಹೊದಿಸಿದ ಕಂಬಳಿಯಂತೆ ಕಾಣುತ್ತಿತ್ತು.

"ಮೂರನೇ ಲೈನ್ ನಾ ಪೂರಾ ಮಾಡ್ಲೇನ?" ಎಂದು ಅಪೂರ್ವಾ ಕೇಳಿದಳು. ಅವಳಿಗೆ ಬರುತ್ತದೆ, ತಾಯಿಯ ಮಗಳು.

"ಬ್ಯಾಡವಾ. ಎಲ್ಲಿ ನಿಂತದ ಅಲ್ಲೇ ಇರಲಿ," ಎಂದೆ.

ಹಿರಿಯಣ್ಣ ಫೋನ್ ಮಾಡಿ ಹಾಡಿನ ಹಾಳೆ ಅಚ್ಚಿಗೆ ಕೇಳಿದರು. ನಾನೇ ಮಾಡಿಸುತ್ತೇನೆ ಎಂದೆ.

ಮಾರ್ಚ್ 2, ಭಾನುವಾರ

ಕಲ್ಲು ಕೂರಿಸಿದೆವು. ಬಿಸಿಲು ಆಗಲೇ ಚುರುಕಾಗಿದೆ.

ಹಾಳೆ ಹಂಚಿದೆ. ಹಿರಿಯಣ್ಣ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಮಾಸ್ತರ, ಅಚ್ಚಿನವ ಕೈ ಕೊಟ್ಟಾನ್ರೀ. ಹಾಡ ಇಲ್ಲಲಾ ಇದರಾಗ." ಹಾಳೆಯ ತಲೆಯ ಮೇಲೆ ಒಂದೇ ಸಾಲು ಇತ್ತು, 'ಧಾಟಿ: ಚೆನ್ನಮ್ಮ'. ಕೆಳಗೆಲ್ಲ ಬಿಳಿ.

"ಇಷ್ಟ ಅದರೀ," ಎಂದೆ. ಅಪೂರ್ವಾಳನ್ನು ಗೇಟಿನಿಂದ ಒಳಗೆ ಕರೆದು ಕಲ್ಲಿನ ಹತ್ತಿರ ನಿಲ್ಲಿಸಿದೆ. ಇಪ್ಪತ್ತೊಂದನೇ ಹಾಡಿನ ಧಾಟಿಯೂ ಇವಳ ತಾಯಿಯದು, ಉಳಿದ ನಲವತ್ತೆರಡರದೂ ಅವಳದೇ, ನಾನು ಮಾತು ತುಂಬಿದವನು ಎಂದು ಎಲ್ಲರ ಮುಂದೆ ಹೇಳಿದೆ. ಹಿರಿಯಣ್ಣ ನೆಲ ನೋಡುತ್ತಿದ್ದರು.

ಅಪೂರ್ವಾ ಗುನುಗಿದಳು. ಒಂದು ಸಲ ಒಬ್ಬಳೇ, ಎರಡನೇ ಸಲ ಆ ನಾಲ್ಕು ಜನ ಹೆಣ್ಣುಮಕ್ಕಳು ಸೇರಿಕೊಂಡರು, ಮೂರನೇ ಸಲ ಎಲ್ಲರೂ. ಮಾತಿಲ್ಲದ ಧಾಟಿ, ಮೂರನೇ ಸಾಲು ಏರುವಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲಿಸಿದರು. ಅಲ್ಲಿ 'ಸುಮ್ನ ಮಲಕೋ' ಎನ್ನುವ ನನ್ನ ದನಿ ನನಗೆ ಕೇಳಿಸಿತು. ಬೇರೆ ಯಾರಿಗೂ ಕೇಳಿಸಲಿಲ್ಲ, ಅಪೂರ್ವಾಗೆ ಬಿಟ್ಟರೆ.

ಸಂಜೆ ಅವಳು ನನ್ನ ಜೊತೆ ಮನೆಗೆ ಬಂದು ಚಹಾ ಇಡುತ್ತೇನೆಂದು ಅಡುಗೆಮನೆಗೆ ಹೋದಳು. ನಾನು ಮೇಜಿನ ಮುಂದೆ ಕೂತಿದ್ದೆ. ಒಳಗಿನಿಂದ ಗುನುಗು ಬಂತು. ತನಗೇ ಗೊತ್ತಿಲ್ಲದೆ ಶುರು ಮಾಡಿದ್ದಳು. ನೋಡಿದರೆ ನನ್ನ ಎಡಗೈ ಬೆರಳು ಮೇಜು ಬಡಿಯುತ್ತಿದೆ, ಬಲಗೈಯಲ್ಲಿ ಪೆನ್ನು ಇದೆ. ಯಾವಾಗ ತೆಗೆದುಕೊಂಡೆನೋ ತಿಳಿಯದು.

ಪೆನ್ನು ಕೆಳಗಿಟ್ಟು ಎದ್ದು ಅಡುಗೆಮನೆಯ ಒಳಗೆ ಹೋಗಿ ನಿಂತೆ. ಅಲ್ಲಿ ಎಷ್ಟು ಇಕ್ಕಟ್ಟು, ಎಷ್ಟು ಸೆಖೆ. ಕಿಟಕಿಯಿಂದ ಹಡಗುಕಟ್ಟೆಯ ಕ್ರೇನು ಕಾಣುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅವಳು ನನ್ನನ್ನು ನೋಡಿ ಬಾಯಿ ಮುಚ್ಚಿದಳು. "ಚಹಾ ಇನ್ನೂ ಆಗಿಲ್ಲ ಅಪ್ಪಾ."

"ನಿಲ್ಲಸಬ್ಯಾಡವಾ," ಎಂದೆ.

ಮತ್ತೆ ಮೊದಲಿನಿಂದ ಗುನುಗಿದಳು, ಮೂರನೇ ಸಾಲಿನ ತನಕ. ಆಮೇಲೆ ಚಹಾ ಸೋಸಿದಳು. ಮುಂದಿನ ಭಾನುವಾರ ಬರುತ್ತೇನೆಂದು ಹೇಳಿ ಹೋದಳು.

ಹೋಗಿ ಅರ್ಧ ತಾಸೂ ಆಗಿಲ್ಲ. ಆ ಧಾಟಿ ನೆನಪು ಮಾಡಿಕೊಳ್ಳಲು ಕೂತಿದ್ದೇನೆ. ಒಂದು ಸಾಲೂ ಬರುತ್ತಿಲ್ಲ.